ಐದನೆಯ ಚಕ್ರದ ಪಾಲುದಾರ

"ಹೊಟ್ಟೆಕಿಚ್ಚು ಅನ್ನೋದು ಯಾವ ಸಂತೇಲಿ ಸಿಕ್ತದೆ, ಸೇರಿಗೆಷ್ಟು ಅಂತಲೇ ನಂಗೊತ್ತಿಲ್ಲ. ನನ್ ತಮ್ಮ ಕಾರಲ್ಲ, ರೈಲೇ ತಂದು ಹಟ್ಟಿ ಮುಂದೆ ಕಟ್ಕೊಳ್ಳಲಿ, ನಂಗೇನು? ಆ ತಗಡಿನ ಡಬ್ಬಕ್ಕೆ ನನ್ ಕಾಲು ಸೋಕಿದ ದಿನ ಈ ಮೀಸೆ ಬೋಳಿಸಿ ಯಡಿಯೂರು ಕೆರೆಗೆ ಬಿಡ್ತೀನಿ!"

ನಮ್ಮ ಯಡಿಯೂರಿನ ತಿಮ್ಮರಾಯಪ್ಪ ಈ ಮಾತನ್ನು ಅರಳಿಕಟ್ಟೆಯ ಮೇಲೆ ದಿನಕ್ಕೊಂದು ಸಲ ಹೇಳುತ್ತಿದ್ದ. ಹಬ್ಬದ ದಿನ ಎರಡು ಸಲ. ಮೀಸೆ ಸಾಮಾನ್ಯದ್ದಲ್ಲ. ಅದರ ಒಂದು ತುದಿ ಬಸವನಗುಡಿಯ ಕಡೆಗೂ ಇನ್ನೊಂದು ತುದಿ ಬನಶಂಕರಿಯ ಕಡೆಗೂ ಚಾಚಿಕೊಂಡಿದ್ದುದರಿಂದ ದಾರಿ ತಪ್ಪಿದವರು ಅವನನ್ನು ಏನೂ ಕೇಳದೆ, ಮುಖ ನೋಡಿಯೇ ದಿಕ್ಕು ತಿಳಿದುಕೊಂಡು ಹೋಗುತ್ತಿದ್ದರು. ಇನ್ನು ಹೊಟ್ಟೆಕಿಚ್ಚಿನ ಮಾತು. ಅವನ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿಯ ಮೇಲೆ ಯಡಿಯೂರು ಕೆರೆಯನ್ನಿಟ್ಟಿದ್ದರೆ, ಊರಿಗೆಲ್ಲ ಎಣ್ಣೆಸ್ನಾನವಾಗಿ ಎಮ್ಮೆಗಳಿಗೂ ಬಿಸಿನೀರು ಮಿಗುತ್ತಿತ್ತು.

ಆಗಿನ್ನೂ ಜಯನಗರಕ್ಕೆ ಹಾಲುಹಲ್ಲು ಬಿದ್ದಿರಲಿಲ್ಲ. ಬಡಾವಣೆಗೆಂದು ಬಂದವರು ಕಲ್ಲು ನೆಟ್ಟು, ದಾರ ಎಳೆದು, ರಸ್ತೆಗಳಿಗೆ ಹೆಸರಿಡಲು ಪುರಸೊತ್ತಿಲ್ಲದೆ ನಂಬರು ಇಟ್ಟು ಹೋಗಿದ್ದರು. ಆ ನಂಬರುಗಳ ಕೆಳಗೆ ತಿಮ್ಮರಾಯಪ್ಪ, ಅವನ ಅಪ್ಪ, ಅವನ ತಾತ ಉತ್ತ ರಾಗಿ ಹೊಲವಿತ್ತು. ಹೊಲ ಹೋಯಿತು, ಪರಿಹಾರ ಬಂತು. ಅದನ್ನೇನು ಮಾಡುವುದೆಂದು ಯೋಚಿಸಲು ತಿಮ್ಮರಾಯಪ್ಪ ಒಂದು ಬೀಡಿ ಹಚ್ಚಿದ. ಬೀಡಿ ಮುಗಿಯುವುದರೊಳಗೆ ಅವನ ತಮ್ಮ ಚಿಕ್ಕಬೈರಪ್ಪ ದಂಡಿನ ಕಡೆ ಹೋಗಿ, ಸೀಮೆಗೆ ವಾಪಸು ಹೊರಟಿದ್ದ ಯಾವನೋ ದೊರೆಯಿಂದ ಕರೀ ಕಾರೊಂದನ್ನು ಕೊಂಡು ತಂದು ಹಟ್ಟಿಯ ಮುಂದೆ ನಿಲ್ಲಿಸಿಬಿಟ್ಟ.

ಚಿಕ್ಕಬೈರಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅದಕ್ಕೆ ಸೀನು ಎಂಬ ಡ್ರೈವರನ್ನಿಟ್ಟುಕೊಂಡು, ತಾನು ಅವನ ಪಕ್ಕದಲ್ಲಿ ಪೇಟ ಸುತ್ತಿ ಕೂತು ಹಾರನ್ನಿನ ರಬ್ಬರು ಬುರುಡೆಯನ್ನು ಮಾತ್ರ ಒತ್ತುತ್ತಿದ್ದ. ಆ ಸದ್ದಿಗೆ ಸಾರಕ್ಕಿಯಲ್ಲಿ ಕಾವಿಗೆ ಕೂತ ಕೋಳಿಗಳು ಎದ್ದು ಓಡುತ್ತಿದ್ದವು. ತಿಮ್ಮರಾಯಪ್ಪ ಮಾತ್ರ ಓಡುತ್ತಿರಲಿಲ್ಲ. ಜಗಲಿಯ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದ. ಅವನ ಉಸಿರಿನ ಬಿಸಿಗೆ ಆ ಗೋಡೆಯ ಸುಣ್ಣವೆಲ್ಲ ಕಂದಿ ಕಾಫಿ ಬಣ್ಣಕ್ಕೆ ತಿರುಗಿತು.

ಕೊನೆಗೆ ತಡೆಯಲಾರದೆ ಪಾಲು ಕೇಳಿದ. ಊರಿನ ಯಜಮಾನರಾದ ಬೋರಣ್ಣನವರು ಅರಳಿಕಟ್ಟೆಯ ಮೇಲೆ ನ್ಯಾಯಕ್ಕೆ ಕೂತರು. ಮನೆ, ಬಾವಿ, ಉಳಿದ ತುಂಡು ಜಮೀನು ಎಲ್ಲ ಸರಾಗವಾಗಿ ಎರಡಾಯಿತು. ಎತ್ತು, ಗಾಡಿ ಅಣ್ಣನಿಗೆ. ಕಾರು ತಮ್ಮನಿಗೆ ಎಂದಾಗ ತಿಮ್ಮರಾಯಪ್ಪ ಎದ್ದು ನಿಂತ.

"ಬೋರಣ್ಣಾರೇ, ಗಾಡಿಗೆ ಎರಡು ಚಕ್ರ. ಅವನ ಕಾರಿಗೆ ಐದು. ದೊಡ್ಡೋನಿಗೆ ಎರಡು, ಚಿಕ್ಕೋನಿಗೆ ಐದು ಅಂದ್ರೆ ಮೇಲಿರೋ ದೇವ್ರು ಮೆಚ್ತಾನಾ?"

"ಓಡೋದು ನಾಲ್ಕೇ ಕಣಣ್ಣಯ್ಯ. ಐದನೇದು ಸ್ಟೆಪ್ನಿ. ಸುಮ್ನೆ ಹಿಂದುಗಡೆ ಕೂತಿರ್ತದೆ," ಎಂದ ಚಿಕ್ಕಬೈರಪ್ಪ.

"ಕೂತ್ಕೊಂಡು ಏನ್ ಕೆಲಸ ಮಾಡ್ತದೆ?" ಬೋರಣ್ಣನವರು ಕೇಳಿದರು.

"ಕೆಲಸ ಏನಿಲ್ಲ. ಕೂತಿರ್ತದೆ, ಅಷ್ಟೆ."

ಬೋರಣ್ಣನವರು ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು. "ಮನೇಲಿ ಕೆಲಸ ಇಲ್ದೆ ಕೂತಿರೋರು ಯಾರು? ದೊಡ್ಡೋರು. ಅಣ್ಣನಾದೋನಿಗೆ ಹಿರೇಪಾಲು ಅಂತ ಒಂದಿಷ್ಟು ಹೆಚ್ಚಿಗೆ ಕೊಡೋದು ತಾತನ ಕಾಲದಿಂದ ಬಂದದ್ದು. ಆ ಕೂತಿರೋ ಚಕ್ರ ತಿಮ್ಮರಾಯಪ್ಪನ ಹಿರೇಪಾಲು. ಎತ್ಕೊಡ್ಲಾ ಚಿಕ್ಕ."

ಡ್ರೈವರ್ ಸೀನು ತಲೆ ಕೆರೆಯುತ್ತ, "ಯಜಮಾನ್ರೇ, ದಾರೀಲಿ ಟೈರು ಪಂಚರ್ ಆದ್ರೆ…" ಎಂದು ಬಾಯಿ ತೆರೆದ.

"ಪಾಲು ಮಾಡೋ ಹೊತ್ನಲ್ಲಿ ಅಪಶಕುನ ನುಡೀತೀಯೇನೋ, ಬಾಯ್ ಮುಚ್ಚು!" ಎಂದು ಕಟ್ಟೆಯ ಮೇಲಿದ್ದವರೆಲ್ಲ ಗದರಿದರು. ಚಕ್ರದ ಮೇಲೆ ವೀಳ್ಯ ಇಟ್ಟು ಕೊಟ್ಟಾಯಿತು.

ಅಂದಿನಿಂದ ತಿಮ್ಮರಾಯಪ್ಪ ಹೆತ್ತ ಮಕ್ಕಳನ್ನೂ ಹಾಗೆ ಸಾಕಲಿಲ್ಲ. ಮನೆಯಲ್ಲಿ ಬಿಟ್ಟು ಹೋದರೆ ತಮ್ಮ ಎಗರಿಸಿಯಾನೆಂದು ಚಕ್ರವನ್ನು ಗಾಡಿಯಲ್ಲೇ ಇಟ್ಟು, ಕಂಬಳಿ ಹೊದಿಸಿ, ಅದರ ಮೇಲೆಯೇ ಕೂತು ಗಾಡಿ ಹೊಡೆಯುತ್ತಿದ್ದ. ಗಾಳಿ ಇಳಿದೀತೆಂದು ಬಸವನಗುಡಿಯ ಸೈಕಲ್ ಅಂಗಡಿಗೆ ಒಯ್ದು ತುಂಬಿಸಿಕೊಂಡು ಬರುತ್ತಿದ್ದ. ಅದು ಎಷ್ಟು ಬಿಗಿಯಾಗಿರುತ್ತಿತ್ತೆಂದರೆ, ಮೇಲೆ ಕೂತ ನೊಣ ಪುಟಿದು ಹೋಗಿ ಪಕ್ಕದೂರಿನ ಸಂತೆಯ ಬೆಲ್ಲದ ಮೇಲೆ ಬೀಳುತ್ತಿತ್ತು. ಎದುರಿಗೆ ಸಿಕ್ಕವರಿಗೆಲ್ಲ, "ಅವನ ನಾಲ್ಕೂ ಸವೆದು ಬೋಳಾಗವೆ. ನಂದು ನೋಡಿ, ನೆಲಾನೇ ಮುಟ್ಟಿಲ್ಲ!" ಎಂದು ತಟ್ಟಿ ತೋರಿಸುತ್ತಿದ್ದ. ಊರವರು ಅವನಿಗೆ ಚಕ್ರವರ್ತಿ ಎಂದು ಹೆಸರಿಟ್ಟರು. ಹೆಂಡತಿ ನಾರಾಯಣಮ್ಮ ಮಾತ್ರ, "ರಾತ್ರಿ ಒಳಗೆ ತಂದು ಮಲಗಿಸ್ಕೊಳ್ಳಿ, ಚಳಿ ಆದಾತು," ಎನ್ನುತ್ತಿದ್ದಳು.

ಹೀಗಿರುವಾಗ ತಂಗಿ ಮುನಿಲಕ್ಷ್ಮಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಮುನಿಲಕ್ಷ್ಮಮ್ಮನನ್ನು ಕೊಟ್ಟದ್ದು ಕನಕಪುರ ರಸ್ತೆಯ ಆಚೆ ಅಂಜನಾಪುರಕ್ಕೆ. ನಮ್ಮವರಲ್ಲಿ ಮದುವೆಯ ಹಿಂದಿನ ದಿನ ಬೆಳಿಗ್ಗೆ ಚಪ್ಪರಕ್ಕೆ ಹಾಲುಕಂಬ ನೆಡಬೇಕು. ಅತ್ತಿಮರದ ಹಾಲುಳ್ಳ ಕೊಂಬೆ ಕಡಿದು, ನೆಲಕ್ಕೆ ಸೋಕಿಸದೆ ತಂದು, ಹೆಣ್ಣಿನ ಸೋದರಮಾವ ತನ್ನ ಹೆಂಡತಿಯ ಜೊತೆ ನಿಂತು ನೆಡಬೇಕು. ಸೋದರಮಾವಂದಿರು ಇಬ್ಬರಿದ್ದರೆ ಆ ಮರ್ಯಾದೆ ಹಿರಿಯನದು. ಅದರಲ್ಲಿ ಎರಡು ಮಾತಿರಲಿಲ್ಲ, ಕಾರು ಬರುವ ತನಕ.

ಚಿಕ್ಕಬೈರಪ್ಪ ತಂಗಿಯ ಮನೆಗೆ ಹೋಗಿ ಕಿವಿ ಊದಿದ. "ನೋಡವ್ವ, ಅಣ್ಣಯ್ಯನ ಎತ್ತುಗಳು ಯಡಿಯೂರು ಬಿಟ್ರೆ ಅಂಜನಾಪುರ ಸೇರೋ ಹೊತ್ಗೆ ಹೆಣ್ಣಿಗೆ ಸೀಮಂತ ಆಗಿರ್ತದೆ. ನಾನು ಕಾರಲ್ಲಿ ತರ್ತೀನಿ. ನನ್ ಹೆಂಡ್ತಿ ಹೆಂಗೂ ಈಗಲೇ ಇಲ್ಲಿ ಬಂದವ್ಳೆ."

ಸುದ್ದಿ ಕೇಳಿ ತಿಮ್ಮರಾಯಪ್ಪ ಅಂಜನಾಪುರಕ್ಕೇ ಬಂದು ಅಂಗಳದಲ್ಲಿ ನಿಂತು ಅತ್ತ. ಹೊಲ ಹೋದಾಗಲೂ ಅಳದ ಮನುಷ್ಯ ಅವತ್ತು ಅತ್ತ. "ಅವ್ವ ಸಾಯೋವಾಗ ನಿನ್ ಕೈನ ನನ್ ಕೈಯಾಗ ಇಟ್ಟು ಸತ್ಲು ಕಣವ್ವ. ಕಾರು ಅವನದು, ಪೇಟ ಅವನದು, ಊರೋರ ನಮಸ್ಕಾರ ಅವನದು. ಹಾಲುಕಂಬಾನೂ ಅವಂದೇ ಆದ್ರೆ ನಾನು ಅಣ್ಣ ಅಂತ ಯಾಕಿರಬೇಕು?"

ಮುನಿಲಕ್ಷ್ಮಮ್ಮನಿಗೆ ಇಬ್ಬರೂ ಒಡಹುಟ್ಟಿದವರೇ. ಬೇಸತ್ತು ಹೇಳಿದಳು: "ಒಂದು ಚಪ್ಪರಕ್ಕೆ ಎರಡು ಹಾಲುಕಂಬ ಇಲ್ಲ. ಇಬ್ಬರೂ ತನ್ನಿ. ಹೊತ್ತು ಮಾರುದ್ದ ಏರೋದ್ರೊಳಗೆ ಯಾರ ಕೊಂಬೆ ಬರ್ತದೋ, ಯಾರು ಹೆಂಡ್ತಿ ಜೊತೆ ನಿಂತವ್ರೋ, ಅವರು ನೆಡ್ಲಿ. ನನ್ ತಲೆ ತಿನ್ಬ್ಯಾಡಿ."

ಆ ದಿನ ಮೊದಲ ಕೋಳಿ ಕೂಗುವ ಮುಂಚೆಯೇ, ಕೋಳಿಯನ್ನು ತಾನೇ ಎಬ್ಬಿಸಿ ಕೂಗಿಸಿ, ತಿಮ್ಮರಾಯಪ್ಪ ಗಾಡಿ ಕಟ್ಟಿದ. ಹಿಂದಿನ ಸಂಜೆಯಷ್ಟೇ ಎತ್ತುಗಳಿಗೆ ಹೊಸ ಲಾಳ ಹೊಡೆಸಿದ್ದ. ಅತ್ತಿಯ ಕೊಂಬೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ. ಚಕ್ರದ ಮೇಲೆ ಕೂತು ಹೆಂಡತಿಯನ್ನು ಕರೆದ. ನಾರಾಯಣಮ್ಮ ಹೊಸ್ತಿಲ ಮೇಲೆ ಕೈ ಕಟ್ಟಿ ನಿಂತಿದ್ದಳು.

"ನಾ ಬರಾಕಿಲ್ಲ."

"ಮದುವೆಗಾ?"

"ಗಾಡೀಲಿ. ಮೆತ್ತಗಿರೋ ಚಕ್ರದ ಮೇಲೆ ನೀವು ಕೂತ್ಕತೀರಿ, ಹಲಗೆ ಮೇಲೆ ನಾನು. ಸೊಂಟ ನಂದಲ್ವಾ? ಮೈದುನ ಕಾರಲ್ಲಿ ಬನ್ನಿ ಅತ್ತಿಗೆ ಅಂದವ್ರೆ."

ತಿಮ್ಮರಾಯಪ್ಪನ ಮೀಸೆಯ ಎರಡೂ ತುದಿ ಇಳಿದು, ಬಸವನಗುಡಿ, ಬನಶಂಕರಿ ಎರಡೂ ಕೆಳಗೆ ಬಿದ್ದವು. ನಾಲ್ಕು ಚಕ್ರ ಹೋದದ್ದು ಸಾಲದೆಂದು ಹೆಂಡತಿಯೂ ಆ ಕಡೆ ಹೋದಳಲ್ಲ! ಆದರೆ ಜಗಳಕ್ಕೆ ಹೊತ್ತಿಲ್ಲ. ಎತ್ತಿನ ಬಾಲ ಮುರಿದು ಹೊರಟ.

ಬನಶಂಕರಿ ಗುಡಿ ದಾಟಿ, ಸಾರಕ್ಕಿ ಕೆರೆ ಏರಿಯ ಹತ್ತಿರ ಬರುವಾಗ ಮೂಡಲು ಕೆಂಪಾಗಿತ್ತು. ಹಿಂದಿನಿಂದ ಹಾರನ್ನು ಕೇಳಿಸಿತು. ಕಾರು ಗಾಡಿಯ ಹಿಂದೆಯೇ ಕೊಂಚ ದೂರ ಬಂದು, ಪಕ್ಕಕ್ಕೆ ಸರಿದು, ಧೂಳೆರಚಿ ಮುಂದೆ ಹೋಯಿತು. ನೆತ್ತಿಯ ಮೇಲೆ ಅತ್ತಿಕೊಂಬೆ ಕಟ್ಟಿದ್ದರು. ಮುಂದಿನ ಸೀಟಿನಿಂದ ಚಿಕ್ಕಬೈರಪ್ಪ, "ಅಣ್ಣಯ್ಯಾ, ನಿಧಾನಕ್ಕೆ ಬಾ! ಎಲೇಲಿ ಪಾಯಸ ಉಳಿಸಿರ್ತೀವಿ!" ಎಂದು ಕೂಗಿದ. ಅದನ್ನಾದರೂ ನುಂಗಬಹುದಿತ್ತು. ಹಿಂದಿನ ಸೀಟಿನ ನಡುಮಧ್ಯೆ, ಮೈಸೂರಿನ ಸಿಂಹಾಸನದ ಮೇಲೆಯೇ ಕೂತವಳ ಹಾಗೆ, ನಾರಾಯಣಮ್ಮ ಕೂತಿದ್ದಳು. ಗಂಡನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಮದುವೆಯಾದಾಗಿನಿಂದ ಅವಳು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಕಂಡದ್ದು ತಮ್ಮನ ಕಾರಿನೊಳಗೆ! ತಿಮ್ಮರಾಯಪ್ಪನ ಒಳಗಿನ ಉರಿಗೆ ಕೆರೆಯ ಮೀನುಗಳು ದಡಕ್ಕೆ ಬಂದು ಗಾಳಿ ಬೀಸಿಕೊಂಡವಂತೆ.

ಕೋಣನಕುಂಟೆ ದಾಟಿದ ಮೇಲೆ ಹುಣಸೆಮರದ ಕೆಳಗೆ ಏನೋ ಕಪ್ಪಗೆ ಕಂಡಿತು. ಎಮ್ಮೆಯೆಂದುಕೊಂಡ. ಹತ್ತಿರ ಹೋದಾಗ, ಒಂದು ಕಾಲು ಮುರಿದ ಎಮ್ಮೆಯ ಹಾಗೆ ವಾಲಿಕೊಂಡು ಕಾರು ನಿಂತಿತ್ತು. ಹಿಂದಿನ ಟೈರು ದೋಸೆಯಾಗಿತ್ತು. ಸೀನು ಅದರಿಂದ ಮೊಳೆಯೊಂದನ್ನು ಕಿತ್ತು ಹಿಡಿದುಕೊಂಡಿದ್ದ.

"ಲಾಳದ ಮೊಳೆ!" ಎಂದ ಚಿಕ್ಕಬೈರಪ್ಪ, ಅಣ್ಣನ ಎತ್ತಿನ ಕಾಲು ನೋಡುತ್ತ. "ನಿನ್ ಎತ್ತಿಂದೇ ಇದು. ನಿನ್ ಹಿಂದೆ ಬಂದಾಗ್ಲೇ ಚುಚ್ಚೈತೆ."

"ಈ ರಸ್ತೇಲಿ ಸಾವಿರ ಎತ್ತು ಓಡಾಡ್ತವೆ ಕಣ್ಲಾ. ಮೊಳೆ ಮೇಲೆ ನನ್ ಹೆಸರು ಬರ್ದೈತಾ?" ಎಂದ ತಿಮ್ಮರಾಯಪ್ಪ. ಆದರೆ ಬಲಗಡೆಯ ಎತ್ತಿನ ಬೆನ್ನನ್ನು ಅಷ್ಟು ಪ್ರೀತಿಯಿಂದ ಅವನು ಹಿಂದೆಂದೂ ಸವರಿರಲಿಲ್ಲ.

ಸುತ್ತಮುತ್ತ ಪಂಚರ್ ಹಾಕುವ ಅಂಗಡಿಯಿಲ್ಲ. ಇದ್ದದ್ದು ಹುಣಸೆಮರ, ಒಂದು ಬಂಡೆ, ಬೇಲಿಯಲ್ಲಿ ಮೇಯುವ ಮೇಕೆ. ತಿಮ್ಮರಾಯಪ್ಪ ಗಾಡಿಯಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಕಾರಿನ ಕಡೆಗೆ ಬಗ್ಗಿ, ಮಾತಿಗೆ ಜೇನು ಸುರಿಸಿ ಹೆಂಡತಿಗೆ ಹೇಳಿದ: "ಇಳಿಯಮ್ಮೀ, ಗಾಡಿ ಹತ್ತು. ಹೋಗಿ ಕಂಬ ನೆಡಾನ."

ನಾರಾಯಣಮ್ಮ ಕೂತಲ್ಲೇ ಕತ್ತೆತ್ತಿ ಸೂರ್ಯನನ್ನು ನೋಡಿದಳು. "ಈ ಗಾಡೀಲಿ ಹೋದ್ರೆ ಹೊತ್ತು ಮಾರುದ್ದ ಅಲ್ಲ, ನೆತ್ತಿ ಮೇಲೆ ಬಂದಿರ್ತದೆ. ನೀವೂ ಇಲ್ಲ, ಮೈದುನನೂ ಇಲ್ಲ, ಇಬ್ಬರೂ ನೆಡಾಕಿಲ್ಲ. ಮುನಿಲಕ್ಷ್ಮಮ್ಮ ಪಕ್ಕದ ಮನೆಯೋನ ಕೈಲಿ ನೆಡುಸ್ತಾಳೆ. ಅದೇ ಬೇಕಾ?"

ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಬೆವರಿದರು. ಪಾಲಾದ ಮೇಲೆ ಅವರಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು.

"ಮತ್ತೆ ಏನ್ ಮಾಡಾದು?" ಎಂದ ತಿಮ್ಮರಾಯಪ್ಪ.

"ಎದ್ದೇಳೋದು!" ಎಂದಳು ನಾರಾಯಣಮ್ಮ. "ಇಷ್ಟು ದಿನದಿಂದ ಆ ಚಕ್ರದ ಮೇಲೆ ಮೊಟ್ಟೆಗೆ ಕಾವು ಕೊಟ್ಟಂಗೆ ಕೂತಿದ್ದೀರಲ್ಲ, ಇವತ್ತಾದ್ರೂ ಮರಿ ಆಗ್ಲಿ!"

ಆಗ ಎಲ್ಲರ ಕಣ್ಣೂ ತಿಮ್ಮರಾಯಪ್ಪನ ಕೆಳಗೆ ಹೋಯಿತು. ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಚಕ್ರ ಕೊಟ್ಟರೆ ಕಾರು ಓಡುತ್ತದೆ; ಓಡಿದರೆ ತಮ್ಮ ಮೊದಲು ಹೋಗುತ್ತಾನೆ. ಕೊಡದಿದ್ದರೆ ಹಾಲುಕಂಬವೇ ಹೋಗುತ್ತದೆ. ಅಂಥ ಇಕ್ಕಟ್ಟಿನಲ್ಲಿ ಮನುಷ್ಯನಿಗೆ ಬುದ್ಧಿ ಬರುವುದಿಲ್ಲ ಎನ್ನುತ್ತಾರೆ. ಹೊಟ್ಟೆಕಿಚ್ಚಿದ್ದವನಿಗೆ ಬರುತ್ತದೆ.

"ಕೊಡ್ತೀನಿ," ಎಂದ ನಿಧಾನವಾಗಿ. "ಕಾರನ್ನ ಎತ್ತೋದು ಹೆಂಗೆ? ಜಾಕಿ ಎಲ್ಲಿ?"

ಸೀನು ನೆಲ ನೋಡಿದ. "ಚಪ್ಪರದ ಕಂಬ ಎತ್ತಾಕೆ ಬೇಕು ಅಂತ ಜಾಕೀನ ನಿನ್ನೆ ಚಿಕ್ಕೆಜಮಾನ್ರೇ ಅಂಜನಾಪುರಕ್ಕೆ ಕೊಟ್ಬಂದ್ರು."

"ಹಂಗಾದ್ರೆ ಆ ಬಂಡೆ ಉರುಳ್ಸಿ, ಉದ್ದನೆ ಮರ ಕೊಟ್ಟು ಮೀಟ್ಬೇಕು. ಮರ ಎಲ್ಲೈತೆ?" ತಿಮ್ಮರಾಯಪ್ಪ ಹುಣಸೆಮರ ನೋಡಿದ, ಬೇಲಿ ನೋಡಿದ, ಮೇಕೆಯನ್ನೂ ನೋಡಿದ. ಆಮೇಲೆ, ಆಗತಾನೇ ಕಂಡವನ ಹಾಗೆ, ಕಾರಿನ ನೆತ್ತಿ ನೋಡಿದ. "ಅಲ್ಲೊಂದು ಐತಲ್ಲ."

ಚಿಕ್ಕಬೈರಪ್ಪನ ಮುಖವೂ ಆ ಪಂಚರಾದ ಟೈರಿನಂತಾಯಿತು. "ಅಣ್ಣಯ್ಯಾ, ಅದು ಹಾಲುಕಂಬ!"

"ಹೂಂ, ನಂದೂ ಹಾಲುಕಂಬಾನೇ. ಆದ್ರೆ ನಂದು ತೋಳು ಗಾತ್ರ, ಮುರ್ದೋಗ್ತದೆ. ನಿಂದು ತೊಡೆ ಗಾತ್ರ ಐತೆ. ದೊಡ್ಡಸ್ತಿಕೆ ತೋರ್ಸೋಕೆ ಅಂತ ನೀನೇ ಅಲ್ವಾ ದಪ್ಪದ್ದು ಕಡಿಸಿದ್ದು?"

"ನೆಲಕ್ಕೆ ಸೋಕಿದ್ರೆ ಅದು ಕಂಬಕ್ಕೆ ಬರಾಕಿಲ್ಲ!"

"ಬರಾಕಿಲ್ಲ," ಎಂದು ತಿಮ್ಮರಾಯಪ್ಪ ಒಪ್ಪಿಕೊಂಡ, ಸಾವಿನ ಮನೆಯಲ್ಲಿ ತಲೆಯಾಡಿಸುವವನಂತೆ.

ಸೂರ್ಯ ಯಾರಿಗೂ ಕಾಯಲಿಲ್ಲ. "ಬೇಗ ಆಗ್ಲಿ ಮೈದುನ," ಎಂದಳು ನಾರಾಯಣಮ್ಮ ಕಾರಿನೊಳಗಿಂದ. ಎತ್ತುವ ಮುಂಚೆ ಇಳಿಯಿರೆಂದು ಸೀನು ಬೇಡಿಕೊಂಡ. "ಇಳಿದ್ರೆ ಇವ್ರು ಗಾಡಿಗೆ ಹತ್ತಿಸ್ಕೊತಾರೆ," ಎಂದು ಅವಳು ಕೂತೇ ಇದ್ದಳು. ಅತ್ತಿಕೊಂಬೆ ನೆತ್ತಿಯಿಂದ ಇಳಿಯಿತು. ಬಂಡೆಯ ಮೇಲೆ ಅಡ್ಡ ಬಿದ್ದು, ಒಂದು ತುದಿ ಕಾರಿನ ಹೊಟ್ಟೆಯ ಕೆಳಗೆ ಹೋಯಿತು. ಇನ್ನೊಂದು ತುದಿಗೆ ಚಿಕ್ಕಬೈರಪ್ಪ ಜೋತುಬಿದ್ದ. ಪೇಟ ಉದುರಿ ಮೇಕೆಯ ಬಾಯಿಗೆ ಹೋಯಿತು. ಕಾರೂ ನಾರಾಯಣಮ್ಮನೂ ಒಟ್ಟಿಗೇ ಮೇಲೆದ್ದರು. ಸಿಪ್ಪೆ ಸುಲಿದು ಅತ್ತಿಯ ಹಾಲು ತೊಟ್ಟಿಕ್ಕಿ, ಚಪ್ಪರಕ್ಕೆ ಆಗಬೇಕಾದ ಅಭಿಷೇಕ ಕಾರಿಗಾಯಿತು. ಸೀನು ಸ್ಪ್ಯಾನರು ತಿರುವಿ ಸತ್ತ ಚಕ್ರ ಬಿಚ್ಚಿ, ಹಿರೇಪಾಲಿನ ಚಕ್ರ ಕೂರಿಸಿದ. ಅದು ಮೊದಲ ಸಲ ನೆಲ ಮುಟ್ಟಿದಾಗ ತಿಮ್ಮರಾಯಪ್ಪ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮೂಗೊರೆಸಿಕೊಂಡ.

ಮೂಗು ಒರೆಸಿಕೊಂಡು ಮುಗಿದ ಮೇಲೆ ತನ್ನ ಕೊಂಬೆಯನ್ನು ತಂದು ಕಾರಿನ ನೆತ್ತಿಗೆ ಕಟ್ಟಿದ. ಕಂಬಳಿ ಎತ್ತಿಕೊಂಡು ಹಿಂದಿನ ಬಾಗಿಲು ತೆಗೆದ.

"ಎಲ್ಲಿಗೆ ಅಣ್ಣಯ್ಯ?"

"ಕಂಬ ನೆಡಾಕೆ."

"ಹಂಗಾದ್ರೆ ನಾನೂ ಹತ್ತುತೀನಿ."

"ಎತ್ತುಗಳನ್ನ ನಡುರಸ್ತೇಲಿ ಬುಟ್ಟು ಹೋಗಾಕಾಗ್ತದೇನ್ಲಾ? ಸೀನು ಕಾರು ಓಡಿಸ್ಬೇಕು, ನಾನು ಕಂಬ ನೆಡ್ಬೇಕು. ಗಾಡಿ ಹೊಡ್ಯಾಕೆ ಉಳಿದಿರೋ ಜಾಣ ನೀನೊಬ್ನೇ. ಕೂತ್ಕೋ, ಸತ್ತ ಚಕ್ರ ಗಾಡೀಲೇ ಹಾಕ್ಸಿವ್ನಿ, ಮೆತ್ತಗಿರ್ತದೆ. ನಿಧಾನಕ್ಕೆ ಬಾ. ಪಾಯಸ ಉಳಿಸಿರ್ತೀವಿ."

ಚಿಕ್ಕಬೈರಪ್ಪನ ಬಾಯಿಯಿಂದ ಮಾತು ಹೊರಡುವ ಮೊದಲು ಕಾರು ಹೊರಟಿತು. ಹಾರನ್ನು ಮುಂದಿನ ಸೀಟಿನ ಪಕ್ಕದಲ್ಲಿತ್ತು. ತಿಮ್ಮರಾಯಪ್ಪ ಹಿಂದಿನಿಂದ ಅರ್ಧ ಮೈ ಚಾಚಿ ಅದನ್ನು ಅಂಜನಾಪುರದವರೆಗೂ ಬಿಡದೆ ಒತ್ತಿದ. ರಬ್ಬರು ಬುರುಡೆ ಅವನ ಕೈಯಲ್ಲಿ ಮಾವಿನ ಹಣ್ಣಿನಂತೆ ಮೆತ್ತಗಾಯಿತು. ಹೊತ್ತು ಇನ್ನೂ ಮಾರುದ್ದಕ್ಕೆ ಗೇಣು ಕಮ್ಮಿ ಇರುವಾಗ ಗಂಡಹೆಂಡಿರಿಬ್ಬರೂ ಚಪ್ಪರದ ಈಶಾನ್ಯ ಮೂಲೆಯಲ್ಲಿ ನಿಂತು, ಹಾಲುತುಪ್ಪ ಬಿಟ್ಟು ಕಂಬ ನೆಟ್ಟರು. ಮುನಿಲಕ್ಷ್ಮಮ್ಮ ಅಣ್ಣನ ಕಾಲಿಗೆ ಬಿದ್ದಳು. ಈ ಸಲವೂ ತಿಮ್ಮರಾಯಪ್ಪನ ಕಣ್ಣು ತುಂಬಿತು. ಮೀಸೆಯ ತುದಿಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ದಿಕ್ಕಿಗೆ ನಿಂತವು.

ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿಗೆ ಪಾಯಸ ಬೀಳುವಾಗ ಎತ್ತಿನ ಗಾಡಿ ಬಂತು. ಪೇಟವಿಲ್ಲದ, ಧೂಳು ಮೆತ್ತಿದ ಚಿಕ್ಕಬೈರಪ್ಪನನ್ನು ಬಾಗಿಲಲ್ಲಿ ಭಿಕ್ಷೆಗೆ ಬಂದವನೆಂದು ತಿಳಿದು ಯಾರೋ ಮುಂದಕ್ಕೆ ಹೋಗಪ್ಪ ಎಂದರಂತೆ. ಅವನು ಸೀದಾ ಚಪ್ಪರದ ನಡುವೆ ಬಂದು, ಅಣ್ಣನ ಪಕ್ಕದಲ್ಲಿ ಕೂತಿದ್ದ ಬೋರಣ್ಣನವರ ಮುಂದೆ ನಿಂತ. ಈಗ ಹೊಟ್ಟೆ ಉರಿಯುವ ಸರದಿ ಅವನದು.

"ಯಜಮಾನ್ರೇ, ಕಂಬ ನೆಟ್ಟಿದ್ದು ನೆಟ್ಟಾಯ್ತು, ಹೋಗ್ಲಿ. ಮೀಸೆ ಮಾತು ಏನಾಯ್ತು ಕೇಳಿ! ನನ್ ಕಾರಿಗೆ ಕಾಲು ಸೋಕಿದ್ರೆ ಬೋಳಿಸ್ತೀನಿ ಅಂತ ದಿನಾ ಕಟ್ಟೆ ಮೇಲೆ ಕೂಗ್ತಿದ್ದ. ಇವತ್ತು ನನ್ ಕಾರಲ್ಲೇ ಬಂದವ್ನೆ. ಹಜಾಮರು ಹೆಂಗೂ ಗಂಡಿನ ಕಡೆಯೋರ ಜೊತೆ ಬಂದವ್ರೆ, ಕರೀರಿ!"

ಚಪ್ಪರದಲ್ಲಿ ನಗೆ ಎದ್ದಿತು. ಬೋರಣ್ಣನವರು ಗಡ್ಡ ಕೆರೆದು, "ಏನಪ್ಪಾ ಚಕ್ರವರ್ತಿ? ಅವನು ಕೇಳೋದ್ರಲ್ಲಿ ನ್ಯಾಯ ಐತಲ್ಲ?" ಎಂದರು. ಹಜಾಮರು ಹಾಗೇ ಕತ್ತಿ ತಡವಿಕೊಂಡರು. ನಾರಾಯಣಮ್ಮ ಕೂಡ ಗಂಡನ ಮುಖ ನೋಡಿದಳು.

ತಿಮ್ಮರಾಯಪ್ಪ ಎಲೆಯಲ್ಲಿದ್ದ ಪಾಯಸದ ಕೊನೆಯ ತೊಟ್ಟನ್ನೂ ಬಳಿದು ಚೀಪಿ, ಮೀಸೆ ಒರೆಸಿಕೊಂಡ.

"ಕಾಲು ಸೋಕ್ಬಾರ್ದು ಅಂತಲೇ ಅಲ್ವಾ ಕೆಳಗೆ ಕಂಬಳಿ ಹಾಸ್ಕೊಂಡಿದ್ದು? ಸೀನುನ್ನ ಕೇಳಿ. ಇನ್ನು ನಿನ್ ಕಾರಲ್ಲಿ ಬಂದೋರ್ಯಾರ್ಲಾ? ನಾನು ಬಂದಿದ್ದು ನನ್ ಚಕ್ರದ ಮೇಲೆ. ನಿನ್ ಮೂರು ಸುಮ್ನೆ ಜೊತೇಲಿ ಬಂದ್ವು!"